ಗೇಮ್‌ನೊಳಗಿನ ಹುಲಿಪಟ್ಟೆ

ಸರಗೂರಿನ ವಿದ್ಯಾರ್ಥಿನಿಯೊಬ್ಬಳು ಕಬಿನಿ ಕಾಡಿನ ಹುಲಿಯನ್ನಿಟ್ಟುಕೊಂಡು ವಿಡಿಯೋ ಗೇಮ್ ಮಾಡಲು ಹೊರಟಳು ಎನ್ನಿ. ಕಂಪ್ಯೂಟರಿಗೆ ಹುಲಿಯ ಮೈ ಎಂದರೆ ಸಾವಿರಾರು ತ್ರಿಕೋನಗಳ ಬಲೆ. ಅದಕ್ಕೆ ಪಟ್ಟೆ, ರೋಮ, ಕಣ್ಣಿನ ಹೊಳಪು ಬರುವುದು ಮೇಲೆ ಹೊದಿಸುವ ಚಪ್ಪಟೆ ಚಿತ್ರದಿಂದ. ಅದರ ಹೆಸರು ಟೆಕ್ಸ್‌ಚರ್. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್, ಹೊರದೇಶದ ಗೇಮ್‌ಗಳಿಗೆ ಇಂಥ ಕಲೆ ಒದಗಿಸಿಯೇ ಹೆಸರಾಯಿತು. 2019ರಲ್ಲಿ ಅದನ್ನು ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು.

ಗೇಮ್‌ನೊಳಗಿನ ಟೆಕ್ಸ್‌ಚರನ್ನು ಫೋಟೋದಂತೆ ತೆರೆಯಲು ಹೋದರೆ ಎಷ್ಟೋ ಸಲ ತೆರೆಯುವುದೇ ಇಲ್ಲ. ಕಂಪ್ಯೂಟರ್ ಗೇಮ್‌ಗಳಲ್ಲಿ ಅದು ಹೆಚ್ಚಾಗಿ ಡಿಡಿಎಸ್ ಫೈಲ್ ಆಗಿರುತ್ತದೆ. ಫೈಲಿನ ಹೆಸರನ್ನು ಪಿಎನ್‌ಜಿ ಎಂದು ತಿದ್ದಿದರೂ ಒಳಗಿನದು ಬದಲಾಗದು.

ಈ ಬೇರೆ ರೂಪಕ್ಕೆ ಕಾರಣ ವೇಗ. ಜೆಪೆಗ್ ಚಿತ್ರದ ನಡುವಿನ ಒಂದು ಪಿಕ್ಸೆಲ್ ಬೇಕೆಂದರೂ ಮೊದಲಿಂದ ಬಿಚ್ಚುತ್ತಾ ಬರಬೇಕು. ಸೆಕೆಂಡಿಗೆ 60 ಸಲ ಪರದೆ ಬರೆಯುವ ಗ್ರಾಫಿಕ್ಸ್ ಚಿಪ್‌ಗೆ ಅಷ್ಟು ವ್ಯವಧಾನವಿಲ್ಲ. 1990ರ ದಶಕದ ಕೊನೆಗೆ ಎಸ್3 ಕಂಪನಿ ಇದಕ್ಕೊಂದು ದಾರಿ ತೋರಿಸಿತು. ಚಿತ್ರವನ್ನು 4×4 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಒಂದೊಂದು ಚೌಕಕ್ಕೂ ಎರಡೇ ಬಣ್ಣ ಬರೆದಿಡುವುದು. ಅವುಗಳ ನಡುವಿನ ಇನ್ನೆರಡನ್ನು ಚಿಪ್ ತಾನೇ ಲೆಕ್ಕ ಹಾಕುತ್ತದೆ. ಚೌಕದ 16 ಪಿಕ್ಸೆಲ್‌ಗಳಿಗೂ ಈ ನಾಲ್ಕರಲ್ಲೇ ಒಂದೊಂದು ಬಣ್ಣ. ಹೀಗೆ 64 ಬೈಟ್‌ನ ಚೌಕ 8 ಬೈಟ್‌ಗೆ ಇಳಿಯುತ್ತದೆ. 1024×1024ರ ಚಿತ್ರ 4 ಎಂಬಿಯಿಂದ ಅರ್ಧ ಎಂಬಿಗೆ. ಎಲ್ಲ ಚೌಕಗಳ ಅಳತೆಯೂ ಒಂದೇ ಆದ್ದರಿಂದ ಬೇಕಾದದ್ದಕ್ಕೆ ಚಿಪ್ ನೇರ ಕೈಹಾಕುತ್ತದೆ.

ಡಿಡಿಎಸ್ ಫೈಲಿನಲ್ಲಿ ಹೆಚ್ಚಾಗಿ ಇರುವುದು ಇಂಥ ಚೌಕಗಳೇ. ಅದನ್ನು ಪಿಎನ್‌ಜಿಗೆ ಪರಿವರ್ತಿಸುವುದೆಂದರೆ ಈ ಲೆಕ್ಕವನ್ನು ಬಿಚ್ಚುವುದು. ತಂತ್ರಾಂಶವು ಫೈಲಿನ ಆರಂಭದಲ್ಲಿರುವ ಉದ್ದ, ಅಗಲ, ಸಂಕುಚನದ ಬಗೆಯನ್ನು ಓದಿ, ಚೌಕ ಚೌಕವಾಗಿ ಪಿಕ್ಸೆಲ್ ತೆಗೆದು ಪಿಎನ್‌ಜಿಗೆ ಬರೆಯುತ್ತದೆ. ಉಚಿತವಾಗಿ ಸಿಗುವ ಗಿಂಪ್‌ನ ಈಚಿನ ಆವೃತ್ತಿಗಳು ಡಿಡಿಎಸ್ ತೆರೆಯುತ್ತವೆ. ಜೆಪೆಗ್‌ಗಿಂತ ಪಿಎನ್‌ಜಿ ಮೇಲು: ಅದು ಪಾರದರ್ಶಕತೆಯನ್ನು ಉಳಿಸುತ್ತದೆ, ಹೊಸ ನಷ್ಟವನ್ನೂ ತರುವುದಿಲ್ಲ. ತೆರೆದ ಚಿತ್ರ ನೇರಳೆಯಾಗಿ ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಮೈಯ ಉಬ್ಬುತಗ್ಗುಗಳ ದಿಕ್ಕನ್ನು ಬಣ್ಣದಲ್ಲಿ ಬರೆದ ನಾರ್ಮಲ್ ಮ್ಯಾಪ್.

ಆದರೆ ಹಿಂದೆಯೇ ಆದ ನಷ್ಟವನ್ನು ಯಾವ ಪರಿವರ್ತನೆಯೂ ತುಂಬಿಕೊಡದು. ಹುಲಿಯ ಕೆನ್ನೆಯಲ್ಲಿ ಕಪ್ಪು, ಬಿಳಿ, ಕಿತ್ತಳೆ ಮೂರೂ ಒಂದೇ ಚೌಕದಲ್ಲಿ ಕೂಡುವ ಕಡೆ ನೋಡಿ. ಕಪ್ಪು ಬಿಳುಪನ್ನು ಆರಿಸಿದರೆ ನಡುವೆ ಸಿಗುವುದು ಬೂದು ಮಾತ್ರ, ಕಿತ್ತಳೆಗೆ ಜಾಗವಿಲ್ಲ. ಪಿಎನ್‌ಜಿ ಆ ಬೂದನ್ನೇ ನಿಷ್ಠೆಯಿಂದ ಕಾಪಾಡುತ್ತದೆ.

ಆದ್ದರಿಂದ ಗೇಮ್ ಕಲೆ ಕಲಿಯುವ ಮಕ್ಕಳಿಗೆ ನಾನು ಒತ್ತಿ ಹೇಳುವುದು ಇಷ್ಟೆ: ಬರೆದ ಮೂಲ ಚಿತ್ರವನ್ನು ಎಂದೂ ಅಳಿಸಬೇಡಿ, ಸಂಕುಚಿತ ರೂಪ ಕೊನೆಯ ಹೆಜ್ಜೆಯಾಗಿರಲಿ. ಎಸ್3 ವಿಧಾನದ ನಂತರ ಮೊಬೈಲುಗಳಿಗೆ ಎಎಸ್‌ಟಿಸಿ ಎಂಬ ವಿಧಾನ ಬಂತು, ನಾಳೆ ಇನ್ನೊಂದು ಬಂದೀತು. ಮೂಲ ಕೈಯಲ್ಲಿದ್ದರೆ ಯಾವ ಚಿಪ್‌ಗೆ ಬೇಕಾದರೂ ಹುಲಿಯನ್ನು ಹೊಸದಾಗಿ ಸಿದ್ಧಪಡಿಸಬಹುದು.