ಹುಣಸೆಹಣ್ಣಿನ ನೀರೂ ಕಡಲ್ಗಳ್ಳರೂ

ನಮ್ಮ ಚಂದಕವಾಡಿಗೂ ಸಮುದ್ರಕ್ಕೂ ಬಲು ದೂರ. ಗುಂಡ್ಲುಪೇಟೆ ಹಿಡಿದು, ಬಂಡೀಪುರದ ಕಾಡು ದಾಟಿ, ವಯನಾಡಿನ ಘಾಟಿ ಇಳಿದು ಕೋಳಿಕ್ಕೋಡು ತಲುಪಿದರೆ ನಮಗೆ ಕಡಲು ಕಾಣುವುದು. ಹಾಗಾಗಿ ಕಡಲ್ಗಳ್ಳರೆಂದರೆ ನಮ್ಮ ಮಕ್ಕಳಿಗೆ ಸಿನಿಮಾದವರೇ. ಒಂದು ಕಣ್ಣಿಗೆ ಕಪ್ಪು ಪಟ್ಟಿ, ಭುಜದ ಮೇಲೆ ಗಿಳಿ, ತಲೆಬುರುಡೆಯ ಬಾವುಟ! ಮಕ್ಕಳೇ, ನಿಜವಾದ ಕಡಲ್ಗಳ್ಳರ ಕಥೆಯಲ್ಲಿ ಗಿಳಿ ಇಲ್ಲ. ಆದರೆ ನಮ್ಮ ಊರುಗಳ ರಸ್ತೆ ಬದಿಯಲ್ಲಿ ಉದುರುವ ಹುಣಸೆಹಣ್ಣು ಇದೆ.

ಸುಮಾರು 730 ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂದಿದ್ದ ಮಾರ್ಕೋ ಪೋಲೋ ಎಂಬ ವೆನಿಸ್ ನಗರದ ಪ್ರವಾಸಿ ಇದನ್ನು ಬರೆದಿಟ್ಟಿದ್ದಾನೆ. ಆಗ ಮಲಬಾರ್ ಮತ್ತು ಗುಜರಾತಿನ ಕಡೆಯಿಂದ ವರ್ಷಕ್ಕೆ ನೂರಕ್ಕೂ ಹೆಚ್ಚು ಕಳ್ಳಹಡಗುಗಳು ಹೊರಡುತ್ತಿದ್ದವಂತೆ. ಹೆಂಡತಿ ಮಕ್ಕಳೂ ಹಡಗಿನಲ್ಲೇ. ಇಪ್ಪತ್ತು ಮೂವತ್ತು ಹಡಗುಗಳು ಒಟ್ಟುಗೂಡಿ, ಐದಾರು ಮೈಲಿಗೆ ಒಂದರಂತೆ ಸಾಲಾಗಿ ನಿಲ್ಲುತ್ತಿದ್ದವು. ವ್ಯಾಪಾರಿಯ ಹಡಗು ಯಾರ ಕಣ್ಣಿಗೆ ಬಿದ್ದರೂ ಬೆಂಕಿಯನ್ನೋ ಹೊಗೆಯನ್ನೋ ಎಬ್ಬಿಸಿ ಉಳಿದವರನ್ನು ಕರೆಯುತ್ತಿದ್ದರು. ವ್ಯಾಪಾರಿಗಳೂ ಜಾಣರು, ಮುತ್ತು ರತ್ನಗಳನ್ನು ಗುಳಕ್ಕನೆ ನುಂಗಿಬಿಡುತ್ತಿದ್ದರು. ಕಳ್ಳರು ಇನ್ನೂ ಜಾಣರು. ಹುಣಸೆಹಣ್ಣನ್ನು ಸಮುದ್ರದ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. ಆಮೇಲೆ ಏನಾಗುತ್ತಿತ್ತೆಂದು ನಿಮ್ಮ ಅಜ್ಜಿಯನ್ನು ಕೇಳಿ, ಹೇಳುತ್ತಾರೆ!

ಇದಕ್ಕೂ ಬಹಳ ಹಿಂದೆ, ಕ್ರಿ.ಶ. ಮೊದಲ ಶತಮಾನದಲ್ಲೇ, ರೋಮಿನ ಪ್ಲಿನಿ ಎಂಬ ವಿದ್ವಾಂಸ ಕೇರಳದ ಮುಜಿರಿಸ್ ಬಂದರಿಗೆ ಹೋಗುವವರನ್ನು ಎಚ್ಚರಿಸಿದ್ದ. ಹತ್ತಿರದ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಬರೆದಿದ್ದ. ಆ ಹೆಸರು ನೇತ್ರಾವತಿ ನದಿಯ ಮಂಗಳೂರಿನದು ಎಂದು ಕೆಲವು ವಿದ್ವಾಂಸರು, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ್ದು ಎಂದು ಇನ್ನು ಕೆಲವರು ಹೇಳುತ್ತಾರೆ. ಹೊನ್ನಾವರದ ತಿಮ್ಮೋಜನನ್ನೂ ಪೋರ್ಚುಗೀಸರು ಕಡಲ್ಗಳ್ಳನೆಂದೇ ಕರೆದರು. ಆದರೆ 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕನಿಗೆ ಸಲಹೆ ಕೊಟ್ಟು ಜೊತೆಗೆ ಹೋದವನೂ ಇದೇ ತಿಮ್ಮೋಜ. ನಿನ್ನೆಯ ಕಳ್ಳ ಇಂದು ನೌಕಾಧಿಪತಿ!

ಇಲ್ಲಿ ಒಂದು ಮಾತನ್ನು ಗಮನಿಸಿ. ಮಾರ್ಕೋ ಪೋಲೋ ಕಂಡ ಕಳ್ಳರು ಸರಕು ದೋಚಿದ ಮೇಲೆ ವ್ಯಾಪಾರಿಗಳನ್ನು ಬಿಟ್ಟುಬಿಡುತ್ತಿದ್ದರು. ಅವರು ಮತ್ತೆ ಸಂಪಾದಿಸಿಕೊಂಡು ಇದೇ ದಾರಿಯಲ್ಲಿ ಬರಲಿ ಎಂಬ ಲೆಕ್ಕಾಚಾರ. ನಮ್ಮ ಕಾಲದ ಕಡಲ್ಗಳ್ಳರ ಲೆಕ್ಕಾಚಾರ ಬೇರೆ. ಅವರಿಗೆ ಬೇಕಾದದ್ದು ಸರಕಲ್ಲ, ಮನುಷ್ಯರು.

ಆಫ್ರಿಕಾದ ಸೊಮಾಲಿಯಾ ದೇಶದಲ್ಲಿ 1991ರಲ್ಲಿ ಸರ್ಕಾರ ಕುಸಿದುಬಿತ್ತು. ಕಡಲು ಕಾಯುವವರೇ ಇಲ್ಲವಾದಾಗ ಹೊರದೇಶದ ದೊಡ್ಡ ದೋಣಿಗಳು ಬಂದು ಅಲ್ಲಿನ ಮೀನನ್ನು ಬಾಚಿಕೊಂಡು ಹೋದವು. ಅವರನ್ನು ಓಡಿಸಲೆಂದು ಕೆಲವು ಬೆಸ್ತರು ಬಂದೂಕು ಹಿಡಿದರು. ಹಡಗು ಹಿಡಿದರೆ ಹಣ ಸಿಗುತ್ತದೆ ಎಂದು ಗೊತ್ತಾದ ಮೇಲೆ ಅದೇ ಒಂದು ದಂಧೆಯಾಯಿತು. ಹಿಡಿದ ಮೀನುದೋಣಿಯೊಂದನ್ನು ತಂಗುದಾಣ ಮಾಡಿಕೊಂಡು ನೂರಾರು ಮೈಲಿ ಒಳಗೆ ಬರುವುದು, ಅಲ್ಲಿಂದ ವೇಗದ ಸಣ್ಣ ದೋಣಿಗಳಲ್ಲಿ ಹಡಗನ್ನು ಬೆನ್ನಟ್ಟುವುದು, ಕೊಕ್ಕೆಯ ಏಣಿ ಸಿಕ್ಕಿಸಿ ಹತ್ತುವುದು. ಆಮೇಲೆ ಹಡಗಿನ ಯಜಮಾನರೊಂದಿಗೆ ತಿಂಗಳುಗಟ್ಟಲೆ ಚೌಕಾಸಿ. 2009ರಲ್ಲಿ ಸೇಶೆಲ್ಸ್ ದ್ವೀಪದಿಂದ ಸ್ವಂತ ಹಾಯಿದೋಣಿಯಲ್ಲಿ ಹೊರಟಿದ್ದ ಬ್ರಿಟನ್ನಿನ ದಂಪತಿಯನ್ನೂ ಅವರು ಬಿಡಲಿಲ್ಲ. ಗಂಡ ಹೆಂಡತಿ ಮನೆಗೆ ಮರಳಲು ಒಂದು ವರ್ಷಕ್ಕೂ ಮೇಲಾಯಿತು.

ನಮ್ಮವರ ಕಥೆ ಇನ್ನೂ ಕಷ್ಟದ್ದು. 2010ರ ಸೆಪ್ಟೆಂಬರ್ 28ರಂದು 'ಆಸ್ಫಾಲ್ಟ್ ವೆಂಚರ್' ಎಂಬ ಹಡಗು ಕಳ್ಳರ ಕೈಗೆ ಸಿಕ್ಕಿತು. ಅದರಲ್ಲಿದ್ದ 15 ಮಂದಿಯೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಹಣ ಸಂದಾಯವಾಯಿತು. ಕಳ್ಳರು ಹಡಗನ್ನೂ 8 ಜನರನ್ನೂ ಬಿಟ್ಟು, ಉಳಿದ 7 ಜನರನ್ನು ಮಾತ್ರ ದಡಕ್ಕೆ ಎಳೆದುಕೊಂಡು ಹೋದರು. ಆ ಹೊತ್ತಿಗೆ ನಮ್ಮ ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ನೂರಕ್ಕೂ ಹೆಚ್ಚು ಕಡಲ್ಗಳ್ಳರನ್ನು ಸೆರೆಹಿಡಿದಿತ್ತು. ಅವರನ್ನು ಬಿಟ್ಟರೆ ಇವರನ್ನು ಬಿಡುತ್ತೇವೆ ಎಂಬುದು ಹೊಸ ಬೇಡಿಕೆ. ಆ ಏಳು ಜನ ಬಿಡುಗಡೆಯಾದದ್ದು 2014ರ ಅಕ್ಟೋಬರ್ ಕೊನೆಯಲ್ಲಿ. ಅಪ್ಪ ಹಡಗು ಹತ್ತಿದಾಗ ಒಂದನೇ ತರಗತಿಯಲ್ಲಿದ್ದ ಮಗು, ಅಪ್ಪ ಮನೆಗೆ ಬರುವಾಗ ಐದನೇ ತರಗತಿ!

ಭಯ ಇನ್ನೊಂದು ಬಗೆಯಲ್ಲೂ ಪ್ರಾಣ ತೆಗೆಯಿತು. ಕಳ್ಳರು ಲಕ್ಷದ್ವೀಪದ ಸಮೀಪದವರೆಗೂ ಬರತೊಡಗಿದಾಗ ಹಡಗಿನವರು ಬಂದೂಕುಧಾರಿ ಕಾವಲುಗಾರರನ್ನು ಇಟ್ಟುಕೊಂಡರು. 2012ರ ಫೆಬ್ರವರಿ 15ರಂದು ಕೇರಳದ ತೀರದಾಚೆ ಇಟಲಿಯ 'ಎನ್ರಿಕಾ ಲೆಕ್ಸಿ' ಹಡಗಿನ ಕಾವಲುಗಾರರು ಒಂದು ಮೀನುದೋಣಿಯತ್ತ ಗುಂಡು ಹಾರಿಸಿದರು. ಕಡಲ್ಗಳ್ಳರೆಂದು ತಿಳಿದೆವು ಎಂಬುದು ಅವರ ಸಮಜಾಯಿಷಿ. ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿದ್ದ ಇಬ್ಬರು ಸತ್ತರು. ಒಂಬತ್ತು ವರ್ಷದ ವ್ಯಾಜ್ಯದ ನಂತರ, 2021ರಲ್ಲಿ, ಇಟಲಿ 10 ಕೋಟಿ ರೂಪಾಯಿ ಪರಿಹಾರ ಕೊಟ್ಟಿತು. ಮನೆ ನಡೆಸುವವನೇ ಹೋದ ಮೇಲೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ಅಂಕಿ ಅಷ್ಟೆ.

ಹಾಗಾದರೆ ನಾವಿಕರು ತಮ್ಮನ್ನು ತಾವು ಕಾಪಾಡಿಕೊಳ್ಳುವುದು ಹೇಗೆ? ಹಡಗಿನ ಅಂಚಿಗೆ ಮುಳ್ಳುತಂತಿ ಸುತ್ತುತ್ತಾರೆ. ಏಣಿ ಹತ್ತುವವರ ಮೇಲೆ ಕೊಳವೆಯಿಂದ ಜೋರಾಗಿ ನೀರು ಚಿಮ್ಮಿಸುತ್ತಾರೆ. ಹಗಲೂ ರಾತ್ರಿ ಕಾವಲು ನಿಲ್ಲುತ್ತಾರೆ. ಕಳ್ಳರು ಹತ್ತಿಯೇಬಿಟ್ಟರೆ ಎಲ್ಲರೂ ಭದ್ರವಾದ ಒಂದು ಕೋಣೆಗೆ ಓಡಿ, ದಪ್ಪ ಕಬ್ಬಿಣದ ಬಾಗಿಲು ಹಾಕಿಕೊಂಡು ಸಹಾಯಕ್ಕೆ ಕರೆ ಕಳಿಸುತ್ತಾರೆ. 2024ರ ಜನವರಿಯಲ್ಲಿ 'ಲೀಲಾ ನಾರ್ಫೋಕ್' ಹಡಗಿನವರು ಮಾಡಿದ್ದು ಇದನ್ನೇ. 'ಐಎನ್‌ಎಸ್ ಚೆನ್ನೈ' ಯುದ್ಧನೌಕೆಯಿಂದ ನಮ್ಮ ನೌಕಾಪಡೆಯ ಕಮಾಂಡೋಗಳು ಹೋಗಿ ನೋಡುವಷ್ಟರಲ್ಲಿ ಕಳ್ಳರು ಪರಾರಿ. ಬಾಗಿಲ ಹಿಂದಿದ್ದ 21 ಜನರೂ ಕ್ಷೇಮ. ಅವರಲ್ಲಿ 15 ಮಂದಿ ಭಾರತೀಯರು.

ಎರಡು ತಿಂಗಳ ನಂತರದ್ದು ಇನ್ನೂ ದೊಡ್ಡ ಸಾಹಸ. 2023ರ ಡಿಸೆಂಬರ್‌ನಲ್ಲಿ ಅಪಹರಣವಾಗಿದ್ದ 'ರುಯೆನ್' ಹಡಗನ್ನೇ ಕಳ್ಳರು ತಂಗುದಾಣ ಮಾಡಿಕೊಂಡಿದ್ದರು. ಭಾರತದ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ 'ಐಎನ್‌ಎಸ್ ಕೋಲ್ಕತ್ತಾ' ಅದನ್ನು ತಡೆದು ನಿಲ್ಲಿಸಿತು. ವಾಯುಪಡೆಯ ವಿಮಾನದಿಂದ ಕಮಾಂಡೋಗಳು ಪ್ಯಾರಾಚೂಟ್ ಕಟ್ಟಿಕೊಂಡು ಸಮುದ್ರಕ್ಕೆ ಧುಮುಕಿದರು. ಸುಮಾರು 40 ಗಂಟೆಗಳ ಕಾರ್ಯಾಚರಣೆ ಮುಗಿದು, 2024ರ ಮಾರ್ಚ್ 16ರಂದು 35 ಕಳ್ಳರೂ ಶರಣಾದರು. ಒಳಗಿದ್ದ 17 ನಾವಿಕರಿಗೆ ಗಾಯವೂ ಆಗಲಿಲ್ಲ. ಆ ಹದಿನೇಳರಲ್ಲಿ ಒಬ್ಬರೂ ಭಾರತೀಯರಲ್ಲ. ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾದವರು. ಯಾರದೋ ಮನೆಯ ಮಕ್ಕಳಿಗಾಗಿ ನಮ್ಮ ಹುಡುಗರು ಪ್ರಾಣ ಪಣಕ್ಕಿಟ್ಟರು. ಹಿಡಿದ ಕಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಲಾಯಿತು. ಹಿಂದೆ ಇಂಥವರ ಮೇಲೆ ಮೊಕದ್ದಮೆ ನಡೆಸಲು ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. 2022ರಲ್ಲಿ ಸಂಸತ್ತು ಅದಕ್ಕೆಂದೇ ಒಂದು ಕಾಯ್ದೆ ಮಾಡಿದೆ.

ದೂರದ ಕಡಲಿನ ಈ ಗೊಡವೆ ಒಳನಾಡಿನವರಾದ ನಮಗೇಕೆ ಎಂದು ಹಿರಿಯರು ಕೇಳಬಹುದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಕಾಗದಪತ್ರದ ಮಾತಿನಲ್ಲೇ ಹೇಳುತ್ತೇನೆ. ಹಡಗಿನಲ್ಲಿ ಹೋಗುವ ಸರಕಿಗೆ ವಿಮೆ ಮಾಡಿಸುತ್ತಾರೆ. ಹಡಗಿಗೂ ವಿಮೆ ಇರುತ್ತದೆ. 2008ರಲ್ಲಿ ಲಂಡನ್ನಿನ ವಿಮೆಗಾರರು ಏಡನ್ ಕೊಲ್ಲಿಯನ್ನು ಅಪಾಯದ ಜಾಗಗಳ ಪಟ್ಟಿಗೆ ಸೇರಿಸಿದರು. ಪಟ್ಟಿಗೆ ಸೇರಿದರೆ ಪ್ರೀಮಿಯಂ ಏರುತ್ತದೆ. ಆ ದಾರಿ ಬಿಟ್ಟು ಆಫ್ರಿಕಾವನ್ನೇ ಸುತ್ತಿ ಹೋದರೆ ಯೂರೋಪಿಗೆ ಹತ್ತಕ್ಕೂ ಹೆಚ್ಚು ದಿನ ತಡ, ಮೇಲೆ ಎಣ್ಣೆಯ ಖರ್ಚು. ನಮ್ಮ ಚಾಮರಾಜನಗರದ ಕರಿಕಲ್ಲು ಹೊರದೇಶಕ್ಕೆ ಹೋಗುವುದು ಹಡಗಿನಲ್ಲಿ. ನಮ್ಮ ಅಂಗಡಿಗಳಿಗೆ ಪಾಮ್ ಎಣ್ಣೆ ಬರುವುದೂ ಹಡಗಿನಲ್ಲೇ. ಹೆಚ್ಚಿದ ಖರ್ಚು ಕೊನೆಗೆ ಬಂದು ಕೂರುವುದು ಕೊಳ್ಳುವವರ ಚೀಟಿಯಲ್ಲಿ. ಇಷ್ಟಾಗಿಯೂ ಹಣದ ನಷ್ಟವನ್ನು ವಿಮೆ ತುಂಬಿಕೊಡುತ್ತದೆ. ಆ ಏಳು ಜನರ ನಾಲ್ಕು ವರ್ಷವನ್ನು ತುಂಬಿಕೊಡುವ ವಿಮೆ ಎಲ್ಲಿಯೂ ಇಲ್ಲ.

ಮಕ್ಕಳೇ, ಈ ಭಾನುವಾರ ಶಾಲೆಯ ಅಟ್ಲಾಸ್ ತೆಗೆದು ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಹೊನ್ನಾವರ, ಮುರುಡೇಶ್ವರ ಹುಡುಕಿ. ಅಲ್ಲೇ ಮೇಲೆ ಕಾರವಾರವಿದೆ. ನಮ್ಮ ನೌಕಾಪಡೆಯ ದೊಡ್ಡ ನೆಲೆ 'ಐಎನ್‌ಎಸ್ ಕದಂಬ' ಇರುವುದು ಅಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಬೆರಳು ಸರಿಸುತ್ತಾ ಏಡನ್ ಕೊಲ್ಲಿ, ಕೆಂಪು ಸಮುದ್ರ, ಸೂಯೆಜ್ ಕಾಲುವೆಯವರೆಗೆ ಹೋಗಿ. ನೀವು ಈ ಸಾಲು ಓದುತ್ತಿರುವ ಹೊತ್ತಿನಲ್ಲೂ ಆ ನೀಲಿ ಬಣ್ಣದ ಮೇಲೆ ಎಲ್ಲೋ ಒಂದು ಹಡಗಿನ ಅಂಚಿನಲ್ಲಿ, ಯಾರದೋ ಅಪ್ಪ ದುರ್ಬೀನು ಹಿಡಿದು ಕಾವಲು ನಿಂತಿರುತ್ತಾನೆ.