ಗಡಿ ಹೈಸ್ಕೂಲಿನ ಅಂಕಪಟ್ಟಿ: 600ರ ಲೆಕ್ಕದಲ್ಲಿ ಕಾಣದ ಸಾಧನೆ

ಅಮರಾಪುರ: ತೆಲುಗಿನಲ್ಲಿ ‘ಬಡಿ’ ಅಂದರೆ ಶಾಲೆ. ಕನ್ನಡದಲ್ಲಿ ‘ಬಡಿ’ ಅಂದರೆ ಏನು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ! ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ, ಮಡಕಶಿರ ಕಡೆಯ ಮಕ್ಕಳು ಈ ಎರಡು ಅರ್ಥವನ್ನೂ ಒಟ್ಟಿಗೇ ಕಲಿತು ಬೆಳೆಯುತ್ತಾರೆ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಕೆಲವು ಬೀದಿಗಳಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್. ಇಷ್ಟನ್ನೂ ಹೊತ್ತುಕೊಂಡು ಹತ್ತನೇ ತರಗತಿ ದಾಟಿದ ಮಕ್ಕಳ ಫೋಟೋ ಪ್ರತಿ ವರ್ಷ ಫಲಿತಾಂಶ ಬಂದ ಮರುದಿನ ಊರಿನ ಫ್ಲೆಕ್ಸ್ ಮೇಲೆ ಏರುತ್ತದೆ. ಕೆಳಗೆ ದೊಡ್ಡದಾಗಿ ಅಂಕ. ಆದರೆ ಆ ಅಂಕದ ಹಿಂದೆ ಏನಿದೆ? ಯಾವ ಮಾಧ್ಯಮ, ಯಾವ ಪ್ರಥಮ ಭಾಷೆ? ಅದರಿಂದ ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ? ಫ್ಲೆಕ್ಸ್ ಇದನ್ನು ಹೇಳುವುದಿಲ್ಲ. ತಂದೆ ತಾಯಿಗಳೇ ತಿಳಿದುಕೊಳ್ಳಬೇಕಾಗುತ್ತದೆ.

ಈ ಸೀಮೆ ಹೀಗೇಕಾಯಿತು?

ಮಡಕಶಿರದ ನಕ್ಷೆ ನೋಡಿದರೆ ಸಾಕು. ಪಾವಗಡ, ಮಧುಗಿರಿ, ಶಿರಾ, ಹಿರಿಯೂರುಗಳ ನಡುವೆ ಆಂಧ್ರದ ತುದಿಯೊಂದು ಕರ್ನಾಟಕದೊಳಗೆ ಚಾಚಿಕೊಂಡಿದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರ ಅನಂತಪುರದ ಪಾಲಾಯಿತು. ರಾಯದುರ್ಗದ ಕಥೆ ಬೇರೆ. ಅದು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ಮೈಸೂರಿಗೆ ಬಂತು. 2022ರ ಏಪ್ರಿಲ್ 4ರಂದು ಮತ್ತೊಂದು ಗೆರೆ ಬಿತ್ತು. ಅಮರಾಪುರ, ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆ ಎಷ್ಟು ಬದಲಾದರೂ ಮನೆಮಾತು ಬದಲಾಗಲಿಲ್ಲ ನೋಡಿ. ಆಚೆ ಪಾವಗಡದಲ್ಲಿ ಇದರ ಕನ್ನಡಿಬಿಂಬವೇ ಇದೆ. ಅಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಅಮರಾಪುರ ಮಂಡಲದ ಹೇಮಾವತಿಗೇ ಹೋಗಬೇಕು. ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿನ ಶಾಸನಗಳು ಕನ್ನಡದಲ್ಲಿವೆ. ಶಿವರಾತ್ರಿಗೆ ಹೇಮಾವತಿಯ ಸಿದ್ಧೇಶ್ವರನಿಗೆ ಕೈಮುಗಿಯಲು ಬರುವವರು ಎರಡೂ ರಾಜ್ಯದವರು. ದೊಡ್ಡೇಶ್ವರ ಗುಡಿಯ ನುಣುಪು ಕಂಬಗಳನ್ನು ಮುಟ್ಟಿ ನೋಡುವ ಹೈಸ್ಕೂಲು ಮಕ್ಕಳಿಗೆ, ತಮ್ಮ ಪಠ್ಯದಲ್ಲಿ ಎಲ್ಲೋ ಒಂದೆರಡು ಸಾಲಿನಲ್ಲಿ ಬಂದು ಹೋಗುವ ನೊಳಂಬರು ನಮ್ಮೂರಿನವರೇ ಎಂದು ಯಾರಾದರೂ ಹೇಳಿದರೆ ಒಳ್ಳೆಯದು.

ಎರಡು ಕಾಲಂ, ಎರಡು ಮಾತು

ಈಗ ಅಂಕಪಟ್ಟಿಗೆ ಬರೋಣ. ಹೆಚ್ಚಿನ ಪಾಲಕರು ತಪ್ಪು ತಿಳಿಯುವುದು ಇಲ್ಲಿಯೇ. ‘ಮಾಧ್ಯಮ’ ಬೇರೆ, ‘ಪ್ರಥಮ ಭಾಷೆ’ ಬೇರೆ. ಗಣಿತ, ವಿಜ್ಞಾನ, ಸಮಾಜವನ್ನು ಯಾವ ಭಾಷೆಯಲ್ಲಿ ಓದಿ ಬರೆಯುತ್ತಾರೋ ಅದು ಮಾಧ್ಯಮ. ಭಾಷೆಯಾಗಿಯೇ ಮೊದಲ ಪತ್ರಿಕೆಯಲ್ಲಿ ಬರೆಯುವುದು ಪ್ರಥಮ ಭಾಷೆ. ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋಯಿತು ಎಂದ ಮಾತ್ರಕ್ಕೆ ಕನ್ನಡ ಬಿಡಬೇಕೆಂದಿಲ್ಲ. ಪ್ರಥಮ ಭಾಷೆಯ ಕಾಲಂನಲ್ಲಿ ಕನ್ನಡ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡವರಿಗೆ ದ್ವಿತೀಯ ಭಾಷೆ ಸಾಮಾನ್ಯವಾಗಿ ತೆಲುಗು, ತೃತೀಯ ಭಾಷೆ ಇಂಗ್ಲಿಷ್. ಒಬ್ಬನೇ ವಿದ್ಯಾರ್ಥಿ ಮೂರು ಲಿಪಿಯಲ್ಲಿ ಮೂರು ಪತ್ರಿಕೆ ಬರೆಯುತ್ತಾನೆ ಎಂದಾಯಿತು.

ಈ ವ್ಯತ್ಯಾಸ ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಆದೇಶ ಹೊರಡಿಸಿತು. 2020ರ ಏಪ್ರಿಲ್ 15ರಂದು ಹೈಕೋರ್ಟು ಅದನ್ನು ರದ್ದು ಮಾಡಿತು. ಆದರೂ ತರಗತಿಗಳು ಇಂಗ್ಲಿಷಿನತ್ತಲೇ ಹೊರಳಿದವು. 2025ರ ಮಾರ್ಚಿನ ಹತ್ತನೇ ತರಗತಿ ಪರೀಕ್ಷೆಗೆ ರಾಜ್ಯದಲ್ಲಿ ಇಂಗ್ಲಿಷ್ ಮಾಧ್ಯಮದಿಂದ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರೆ, ತೆಲುಗು ಮಾಧ್ಯಮದವರು ಸುಮಾರು 51 ಸಾವಿರ. ರಾಜ್ಯಭಾಷೆಗೇ ಈ ಗತಿಯಾದರೆ ಕನ್ನಡ ಮಾಧ್ಯಮದ ಮಾತೇನು! ಮಾಧ್ಯಮದ ಕಾಲಂನಲ್ಲಿ ಕನ್ನಡ ಕಡಿಮೆಯಾಗುತ್ತಾ ಹೋದಂತೆ, ಪ್ರಥಮ ಭಾಷೆಯ ಕಾಲಂ ಒಂದೇ ಅದಕ್ಕೆ ಉಳಿಯುವ ಜಾಗ.

ಇನ್ನು ಅಂಕ ಹೋಲಿಸುವ ಚಾಳಿ. “ಶಿರಾದಲ್ಲಿರೋ ನಮ್ಮ ತಂಗಿ ಮಗಳು 580 ತೆಗೆದಳು, ನಮ್ಮವನು 560ಕ್ಕೇ ನಿಂತ” ಎಂದು ಬೈಯುವ ಮೊದಲು ಒಂದು ಭಾಗಾಕಾರ ಮಾಡಬೇಕು. ಆಂಧ್ರದ್ದು 600ಕ್ಕೆ. ಕರ್ನಾಟಕದಲ್ಲಿ 2025ರ ಪರೀಕ್ಷೆಯವರೆಗೂ ಪ್ರಥಮ ಭಾಷೆಗೆ 125 ಅಂಕ, ಒಟ್ಟು 625. ಆ ಲೆಕ್ಕದಲ್ಲಿ 560 ಅಂದರೆ ಶೇ. 93.3, 580 ಅಂದರೆ ಶೇ. 92.8. ಹುಡುಗ ಗೆದ್ದಿದ್ದಾನೆ, ಬೈಸಿಕೊಂಡದ್ದು ಸುಮ್ಮನೆ!

ಲಿಪಿ ಹತ್ತಿರ, ಪದ ದೂರ

ಕನ್ನಡ, ತೆಲುಗು ಅಕ್ಷರಗಳು ಅಕ್ಕತಂಗಿಯರು. ಗ, ದ, ನ, ಮ, ಯ, ರ, ಲ, ವ ಇವೆಲ್ಲ ಹೆಚ್ಚುಕಡಿಮೆ ಒಂದೇ ಮೈಕಟ್ಟು, ತಲೆಕಟ್ಟು ಮಾತ್ರ ಬೇರೆ. ಮಕ್ಕಳು ಎಡವುವುದು ಕ, ತ, ಚ, ಶ, ಹ ಬಂದಾಗ. ಅವಸರದಲ್ಲಿ ಕನ್ನಡ ಪತ್ರಿಕೆಯಲ್ಲಿ ತೆಲುಗಿನ ತಲೆಕಟ್ಟು ಬಂದು ಕೂರುತ್ತದೆ. ತೆಲುಗು ಪತ್ರಿಕೆಯಲ್ಲಿ ಕನ್ನಡದ ಒತ್ತು ನುಸುಳುತ್ತದೆ. ಗಣಿತದಲ್ಲಿ ತೊಂದರೆ ಕಡಿಮೆ. ತ್ರಿಭುಜ ಅಲ್ಲಿ ತ್ರಿಭುಜಂ, ವೃತ್ತ ಅಲ್ಲಿ ವೃತ್ತಂ, ಅಷ್ಟೆ. ವಿಜ್ಞಾನಕ್ಕೆ ಬಂದರೆ ಹಾಗಲ್ಲ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವುದಕ್ಕೆ ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ, ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ. ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಒಂದೇ ಎಲೆ, ಮೂರು ಹೆಸರು. ಗಡಿ ಹೈಸ್ಕೂಲಿನ ಹುಡುಗಿ ಈ ಮೂರನ್ನೂ ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಬರೆಯುತ್ತಾಳೆ. ಇದಕ್ಕೆ ಹೆಚ್ಚುವರಿ ಅಂಕ ಎಲ್ಲೂ ಇಲ್ಲ.

ಹಾಗೆಂದು ಇದು ಬರೀ ಹೊರೆಯೂ ಅಲ್ಲ. ಇದೇ ಹಳೆಯ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಪಾಠ ಹೇಳಿದರು, ಕನ್ನಡದಲ್ಲೂ ಬರೆದರು, ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು. ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡೂ ರಂಗಭೂಮಿಯಲ್ಲಿ ಮೆರೆದರು. ಇಬ್ಬರ ಹೆಸರೂ ಶಾಲಾ ವಾರ್ಷಿಕೋತ್ಸವದ ಭಾಷಣಕ್ಕೆ ತಕ್ಕ ಹೆಸರುಗಳೇ.

ಒಂದು ಸ್ಟಡಿ ಸರ್ಟಿಫಿಕೇಟಿನ ಬೆಲೆ

ಫ್ಲೆಕ್ಸ್ ಹೇಳದ ದೊಡ್ಡ ವಿಷಯ ಇದು. ಎಂಟನೇ ತರಗತಿಗೆ ಮಗುವನ್ನು ಅಮರಾಪುರದಲ್ಲಿ ಬಿಡುವುದೋ, ಹಾಸ್ಟೆಲು ಸಿಕ್ಕಿತೆಂದು ಶಿರಾಕ್ಕೋ ಹಿರಿಯೂರಿಗೋ ಕಳಿಸುವುದೋ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ಬಸ್ಸಿನ ದೂರ, ಊಟ, ನೆಂಟರ ಮನೆ ಇವನ್ನೆಲ್ಲ ಲೆಕ್ಕ ಹಾಕುತ್ತಾರೆ. ‘ಲೋಕಲ್’ ಎಂಬ ಪದವನ್ನು ಮಾತ್ರ ಮರೆಯುತ್ತಾರೆ.

ಆಂಧ್ರದ ಕಾಲೇಜು ಪ್ರವೇಶದಲ್ಲಿ ಶೇ. 85ರಷ್ಟು ಸೀಟು ಸ್ಥಳೀಯರಿಗೆ. ಸಂವಿಧಾನದ 371-ಡಿ ವಿಧಿಯಡಿ 1974ರಲ್ಲಿ ಬಂದ ಆದೇಶದ ಪ್ರಕಾರ, ಅರ್ಹತಾ ಪರೀಕ್ಷೆಯಲ್ಲಿ ಮುಗಿಯುವಂತೆ ಸತತ ನಾಲ್ಕು ವರ್ಷ ಈ ಪ್ರದೇಶದಲ್ಲಿ ಓದಿದವರು ಸ್ಥಳೀಯರು. ಇಂಟರ್ ಮುಗಿಸಿದವರಿಗೆ ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರುವಾಗುತ್ತದೆ. ಶಿಕ್ಷಕರ ಹುದ್ದೆಗೆ ಡಿಎಸ್‌ಸಿ ಅರ್ಜಿ ಹಾಕುವವರನ್ನು ನಾಲ್ಕರಿಂದ ಹತ್ತನೇ ತರಗತಿವರೆಗಿನ ಸ್ಟಡಿ ಸರ್ಟಿಫಿಕೇಟ್ ಕೇಳುವುದೂ ಇದೇ ಕಾರಣಕ್ಕೆ. ಅತ್ತ ಕರ್ನಾಟಕದ ಸಿಇಟಿಯಲ್ಲಿ ಮುಖ್ಯ ನಿಯಮ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಅಲ್ಲಿ ಓದಿರಬೇಕು. ಏಳನೇ ತರಗತಿವರೆಗೆ ಇಲ್ಲಿ, ಎಂಟರಿಂದ ಪಿಯುಸಿವರೆಗೆ ಅಲ್ಲಿ ಓದಿದ ಮಗುವಿನ ಲೆಕ್ಕ ಹಾಕಿ ನೋಡಿ. ಅಲ್ಲಿ ಐದು ವರ್ಷ, ಏಳಕ್ಕೆ ಎರಡು ಕಡಿಮೆ. ಇಲ್ಲಿಯ ನಾಲ್ಕು ವರ್ಷದ ಲೆಕ್ಕವೂ ತಪ್ಪಿತು. ಓದಿದ ವರ್ಷಗಳ ಆಧಾರದ ಮೇಲೆ ಎರಡೂ ಕಡೆ ಪರಕೀಯ! ತಂದೆ ತಾಯಿಯ ವಾಸ, ಮಗುವಿನ ವಾಸದ ಬೇರೆ ನಿಯಮಗಳ ಮೊರೆ ಹೋಗಿ ಕಚೇರಿ ಅಲೆಯುವುದು ಆಮೇಲಿನ ಪಾಡು.

ಇಲ್ಲಿಯೇ ಓದಿದ ಕನ್ನಡ ಮಕ್ಕಳಿಗೆ ಕರ್ನಾಟಕದ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರೆಂದು ಪ್ರತ್ಯೇಕ ಅವಕಾಶವಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿ ಮಟ್ಟದ, 50 ಅಂಕದ ಪರೀಕ್ಷೆ. ಹತ್ತನೇ ತರಗತಿವರೆಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದವರಿಗೆ ಅದು ನೀರು ಕುಡಿದಷ್ಟು ಸುಲಭ. ಮಧ್ಯದಲ್ಲಿ ಕನ್ನಡ ಬಿಟ್ಟವರು ಅಲ್ಲಿ ಬೆವರುತ್ತಾರೆ.

ಇತ್ತ ಆಂಧ್ರದಲ್ಲಿ ಹತ್ತನೇ ತರಗತಿಯ ಅಂಕವೇ ನೇರ ದಾರಿ ತೆರೆಯುವ ಜಾಗವೂ ಒಂದಿದೆ. 2008ರಲ್ಲಿ ಆರಂಭವಾದ ರಾಜೀವ್ ಗಾಂಧಿ ಜ್ಞಾನ ತಾಂತ್ರಿಕ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ತ್ರಿಪಲ್ ಐಟಿ. ಹಳ್ಳಿಯ ಮಕ್ಕಳಿಗೆಂದೇ ಕಟ್ಟಿದ ಆರು ವರ್ಷದ ಓದು ಅಲ್ಲಿಯದು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಗೆದ್ದರೆ ಒಂಬತ್ತರಿಂದ ಇಂಟರ್‌ವರೆಗೆ ವರ್ಷಕ್ಕೆ 12 ಸಾವಿರ ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಎರಡು ರಾಜ್ಯೋತ್ಸವದ ಒಂದೇ ದಿನ

1956ರ ನವೆಂಬರ್ 1ರಂದೇ ಆಂಧ್ರಪ್ರದೇಶವೂ ಆಯಿತು, ವಿಶಾಲ ಮೈಸೂರು ರಾಜ್ಯವೂ ಆಯಿತು. ಹಾಗಾಗಿ ಗಡಿ ಶಾಲೆಯಲ್ಲಿ ಆ ದಿನ ಏನು ಆಚರಿಸಿದರೂ ತಪ್ಪಾಗದು! ರಾಜ್ಯ ಒಡೆದ ಮೇಲೆ ಕೆಲವು ವರ್ಷ ಆಂಧ್ರದಲ್ಲಿ ಆ ಆಚರಣೆ ನಿಂತಿತ್ತು, 2019ರಲ್ಲಿ ಸರ್ಕಾರ ಮತ್ತೆ ನಡೆಸಿತು. ಆಗಸ್ಟ್ 29ರಂದು ಗಿಡುಗು ರಾಮಮೂರ್ತಿಯವರ ಜನ್ಮದಿನ, ತೆಲುಗು ಭಾಷಾ ದಿನೋತ್ಸವ. ಕನ್ನಡ ಮನೆಮಾತಿನ ಮಗು ಅಂದು ತೆಲುಗು ಭಾಷಣದಲ್ಲಿ ಬಹುಮಾನ ಪಡೆದರೆ, ತೆಲುಗು ಮನೆಯ ಮಗು ನವೆಂಬರಿನಲ್ಲಿ ಕನ್ನಡ ಹಾಡಿದರೆ, ಈ ಊರುಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸಂಕ್ರಾಂತಿಗೆ ಅಂಗಳದಲ್ಲಿ ಹಾಕುವುದು ರಂಗೋಲಿಯೋ ಮುಗ್ಗೋ ಎಂದು ಯಾರು ಕೇಳುತ್ತಾರೆ?

ಕಾಸರಗೋಡಿನ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಸ್ಪರ್ಧೆಗಳಿವೆ, ಯಕ್ಷಗಾನವೂ ಇದೆ, ಅಲ್ಲಿಂದ ರಾಜ್ಯಮಟ್ಟದವರೆಗೆ ಹೋಗಬಹುದು. ಅಮರಾಪುರ, ರಾಯದುರ್ಗದ ಕಡೆ ಕನ್ನಡ ಮಾತನಾಡುವ ಮಕ್ಕಳಿಗೆ ಶಾಲೆಯ ವೇದಿಕೆಯೇ ದೊಡ್ಡ ವೇದಿಕೆ.

ಶಾಲೆಗೆ ಊರವರು ಬರುವ ದಿನಗಳಿಗೆ ಇನ್ನೊಂದು ಉಪಯೋಗವೂ ಇದೆ. 2024ರ ಡಿಸೆಂಬರ್ 7ರಂದು ಆಂಧ್ರದ ಸರ್ಕಾರಿ ಶಾಲೆಗಳಲ್ಲೆಲ್ಲ ಒಂದೇ ದಿನ ಪಾಲಕ–ಶಿಕ್ಷಕರ ಮಹಾಸಭೆ ನಡೆಯಿತು. ಎರಡನೆಯದು 2025ರ ಜುಲೈ 10ರಂದು. ಅಂದು ಮುಖ್ಯಮಂತ್ರಿ ಬಂದದ್ದು ಇದೇ ಜಿಲ್ಲೆಯ ಕೊತ್ತಚೆರುವಿಗೆ. ಇಂಥ ಸಭೆಗಳಲ್ಲಿ ಮಗುವಿನ ಅಂಕ ಕೇಳುವವರು ಬಹಳ. ಕನ್ನಡ ಟೀಚರು ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳುವವರು ಕಡಿಮೆ.

ಕೇಳಬೇಕಾದ್ದು ಅದನ್ನೇ. 2018ರ ಡಿಎಸ್‌ಸಿ ನಂತರ ಮತ್ತೆ ದೊಡ್ಡ ನೇಮಕಾತಿ ಬಂದದ್ದು 2025ರಲ್ಲಿ, 16,347 ಹುದ್ದೆಗೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲಿ ಓದಿದವರೇ ಬೇಕು, ತರಬೇತಿ ಆಗಿರಬೇಕು, ಜೊತೆಗೆ ಸ್ಥಳೀಯರಾಗಿರಬೇಕು. ಹೈಸ್ಕೂಲಿಗೇ ಗಡಿ ದಾಟಿ ಹೋದವರು ಮೂರನೆಯದರಲ್ಲಿ ಬೀಳುತ್ತಾರೆ. ಇಲ್ಲಿಯೇ ಉಳಿದವರಿಗೆ ಕನ್ನಡ ಸೆಕ್ಷನ್ ಸಿಗದಿದ್ದರೆ ಮೊದಲನೆಯದರಲ್ಲೇ ಬೀಳುತ್ತಾರೆ. ಇಂದು ಎಂಟನೇ ತರಗತಿಗೆ ಸೇರುವ ಮಗುವೇ ಹತ್ತು ವರ್ಷದ ಮೇಲೆ ಈ ಶಾಲೆಗೆ ಬರಬಹುದಾದ ಕನ್ನಡ ಟೀಚರು ಎಂಬುದನ್ನು ಹೀಗೆ ನೋಡಿದರೆ ತಿಳಿಯುತ್ತದೆ.

ಹತ್ತು ಮಕ್ಕಳ ಲೆಕ್ಕ

ಸಂಖ್ಯೆಯ ಮಾತು ಹೊಸದಲ್ಲ. ಪ್ರಾಥಮಿಕ ಹಂತದಲ್ಲಿ ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಲು ಟೀಚರು ಕೊಡಬೇಕೆಂದು 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯೂ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಅದೇ ಹತ್ತರ ಲೆಕ್ಕ ತಿರುಗಿಯೂ ಬೀಳುತ್ತದೆ. ಕೆಳಗಿನ ತರಗತಿಯಲ್ಲಿ ಒಂಬತ್ತಕ್ಕೆ ಇಳಿದರೆ ಟೀಚರನ್ನು ಕೇಳುವ ದನಿ ತಗ್ಗುತ್ತದೆ, ಅಲ್ಲಿ ಟೀಚರಿಲ್ಲದಿದ್ದರೆ ಮೂರು ವರ್ಷಕ್ಕೆ ಹೈಸ್ಕೂಲಿನ ಕನ್ನಡ ಬೆಂಚು ಖಾಲಿ. 2022ರ ಜೂನಿನಲ್ಲಿ ಬಂದ 117ನೇ ಜಿ.ಒ. ಪ್ರಕಾರ ಮೂರು, ನಾಲ್ಕು, ಐದನೇ ತರಗತಿಗಳನ್ನು ಹತ್ತಿರದ ಹೈಸ್ಕೂಲುಗಳಿಗೆ ಸೇರಿಸಿದಾಗ ಈ ತಲೆ ಎಣಿಕೆ ಊರೂರಲ್ಲಿ ಚರ್ಚೆಯಾಯಿತು. 2025ರಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ರಾಯದುರ್ಗದ ಕಡೆ, ಡಿ.ಹಿರೇಹಾಳ್, ಬೊಮ್ಮನಹಾಳ್ ಮಂಡಲಗಳಲ್ಲಿ ಇನ್ನೊಂದು ತೊಡಕು. ಕೂಲಿಗೆಂದು ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಕ್ಕೆ ಹೋಗುವ ಮನೆಗಳು ಮಕ್ಕಳನ್ನೂ ಕರೆದೊಯ್ದರೆ ಹಾಜರಿ ಪಟ್ಟಿ ಮಧ್ಯದಲ್ಲೇ ತೆಳ್ಳಗಾಗುತ್ತದೆ.

ಪಾಲಕರ ಕೈಯಲ್ಲಿರುವುದು ಎರಡು ತಿಂಗಳು. ಜೂನಿನಲ್ಲಿ ಶಾಲೆ ತೆರೆದಾಗ ಪ್ರವೇಶ ಅರ್ಜಿಯಲ್ಲಿ ಮಾತೃಭಾಷೆ, ಪ್ರಥಮ ಭಾಷೆ ಎರಡು ಜಾಗದಲ್ಲೂ ಏನು ಬರೆದಿದ್ದಾರೆ ಎಂದು ನೋಡಬೇಕು. ಓದಲು ಬಾರದವರು ಓದಿಸಿ ಕೇಳಬೇಕು. ಹತ್ತನೇ ತರಗತಿಯವರಾದರೆ ಪರೀಕ್ಷಾ ಮಂಡಳಿಗೆ ನಾಮಿನಲ್ ರೋಲ್ ಹೋಗುವ ಮುನ್ನ ಹೆಡ್‌ಮಾಸ್ತರರ ಬಳಿ ಮತ್ತೊಮ್ಮೆ ಅದೇ ಎರಡು ಕಾಲಂ. ಹೆಸರಿನ ಇನಿಷಿಯಲ್, ಹುಟ್ಟಿದ ದಿನ, ಮಾಧ್ಯಮ, ಪ್ರಥಮ ಭಾಷೆ. ಹಾಲ್‌ಟಿಕೆಟ್ ಬಂದ ಮೇಲೆ ಓಡಾಡಿ ತಿದ್ದಿಸುವುದಕ್ಕಿಂತ ಅಂದು ಒಂದು ಬೆಳಗು ಶಾಲೆಗೆ ಹೋಗಿ ಬರುವುದು ಹಗುರ.