ನೂರಕ್ಕೆ ನೂರು ಬೇಡವೆಂದ ಸ್ಕೂಟರ್

ಭಾನುವಾರ ಪೆಟ್ರೋಲ್ ಹಾಕಿಸಲು ಹೊರಟಾಗ ಮೊಮ್ಮಗಳೂ ಸ್ಕೂಟರ್ ಏರಿದಳು. ಐದನೇ ಕ್ಲಾಸು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ವಯಸ್ಸು. ಬಂಕಿನಲ್ಲಿ ಒಂದು ಕಡೆ 95, ಇನ್ನೊಂದು ಕಡೆ 100 ಎಂದು ಬರೆದಿತ್ತು.

“ತಾತಾ, ನಮ್ಮದಕ್ಕೆ ಯಾವುದು?”

“ಸಾದಾ ಪೆಟ್ರೋಲ್. 91 ಇದ್ದರೆ ಸಾಕು.”

“ನನಗೆ ಗಣಿತದಲ್ಲಿ 91 ಬಂದಾಗ ಉಳಿದ ಒಂಬತ್ತು ಎಲ್ಲಿ ಅಂತ ಕೇಳಿದ್ರಿ. ಸ್ಕೂಟರಿಗೆ ಮಾತ್ರ ಸಾಕಾ?”

ಬಂಕಿನ ಹುಡುಗ ನಕ್ಕುಬಿಟ್ಟ. ನಾನು ಮನೆಗೆ ಬಂದು ಸೈಕಲ್ ಪಂಪು ತೆಗೆದೆ.

ಮಕ್ಕಳೇ, ನೀವೂ ಮಾಡಿ ನೋಡಿ. ಜೋರಾಗಿ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿದರೆ ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುತ್ತದೆ, ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ, ಉರಿ ಒಂದು ತುದಿಯಿಂದ ಹರಡುತ್ತದೆ. ಉರಿ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ತಾನಾಗಿ ಸಿಡಿದರೆ? ಟಕಟಕ ಸದ್ದು! ಇದೇ ‘ನಾಕಿಂಗ್’. ಹೀಗೇ ಬಹಳ ಕಾಲ ಬಡಿದರೆ ಪಿಸ್ಟನ್ನೇ ಹಾಳಾಗಬಹುದು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದ ಕಾಲದಲ್ಲಿ ಏರು ಹತ್ತುವ ಆಟೋಗಳು ಮಾಡುತ್ತಿದ್ದ ಸದ್ದು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಇಳಿಯುತ್ತದೆ.

ಆಕ್ಟೇನ್ ಎಂದರೆ ಹೀಗೆ ಸಿಡಿಯದೆ ತಡೆದುಕೊಳ್ಳುವ ತಾಳ್ಮೆಯ ಅಳತೆ, ಶಕ್ತಿಯ ಅಳತೆಯಲ್ಲ. 1920ರ ದಶಕದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಈ ಅಳತೆಗೆ ದಾರಿ ಮಾಡಿದರು. ಸುಲಭಕ್ಕೆ ಸಿಡಿಯದ ಐಸೋ ಆಕ್ಟೇನಿಗೆ 100, ಬೇಗ ಸಿಡಿಯುವ ಹೆಪ್ಟೇನಿಗೆ ಸೊನ್ನೆ. ಈ ಹೆಪ್ಟೇನ್ ಸಿಗುತ್ತಿದ್ದದ್ದು ಎಲ್ಲಿಂದ ಗೊತ್ತೆ? ಕ್ಯಾಲಿಫೋರ್ನಿಯಾದ ಜೆಫ್ರಿ ಪೈನ್ ಮರದ ಅಂಟಿನಿಂದ! 91 ಎಂದರೆ, 91 ಪಾಲು ಮೊದಲನೆಯದು ಮತ್ತು 9 ಪಾಲು ಎರಡನೆಯದು ಸೇರಿದ ಮಿಶ್ರಣದಷ್ಟೇ ತಾಳಿಕೆ ಎಂದರ್ಥ.

ತಾಳಿಕೆ ಹೆಚ್ಚಿಸಲು ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಮಕ್ಕಳ ಮಿದುಳಿಗೆ ಅದು ವಿಷ. ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು, ಪುಣ್ಯ. ಈಗ ಎಥೆನಾಲ್ ಬೆರೆಸುತ್ತಾರೆ. ಕಬ್ಬಿನ ಕಾಕಂಬಿಯಿಂದಲೂ ಆಗುವ ಇದರ ಆಕ್ಟೇನ್ 108ರ ಆಸುಪಾಸು. ಆದರೆ ಲೀಟರಿಗೆ ಸಿಗುವ ಶಾಖ ಪೆಟ್ರೋಲಿಗಿಂತ ಕಡಿಮೆ. ಅಂಕ ಹೆಚ್ಚು, ಕಸುವು ಕಡಿಮೆ!

ಬಿಎಸ್-6 ನಿಯಮ ಬಂದಾಗ ಸಾದಾ ಪೆಟ್ರೋಲಿಗೆ ಕನಿಷ್ಠ 91 ಇರಬೇಕಿತ್ತು. ಮಾಮೂಲಿ ಸ್ಕೂಟರುಗಳು ಮಿಶ್ರಣವನ್ನು ತೀರಾ ಬಿಗಿಯಾಗಿ ಒತ್ತುವುದಿಲ್ಲ, ಅವಕ್ಕೆ ಇದು ಸಾಕು. ರೇಸಿನಂಥ ಬೈಕು, ಕೆಲವು ಟರ್ಬೊ ಕಾರುಗಳು ಹೆಚ್ಚು ಬಿಗಿಯಾಗಿ ಒತ್ತುವುದರಿಂದ ಅವಕ್ಕೆ 95 ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಕಂಪನಿಯ ಕೈಪಿಡಿಯಲ್ಲಿ, ಎಷ್ಟೋ ಸಲ ಟ್ಯಾಂಕಿನ ಮುಚ್ಚಳದ ಬಳಿಯೇ, ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಹಾಕಬಾರದು, ಹೆಚ್ಚು ಹಾಕಿ ಫಲವಿಲ್ಲ. ಸಾದಾ ಪೆಟ್ರೋಲಿಗೂ ಗಾಡಿ ಟಕಟಕ ಎಂದರೆ ದುಬಾರಿ ಪೆಟ್ರೋಲಿಗೆ ಓಡುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಒಳಗೆ ಮಸಿ ಕಟ್ಟಿರಬಹುದು.

ಇಷ್ಟೆಲ್ಲ ಹೇಳುವ ನಾನೇ ಹೋದ ವರ್ಷ ಮೂರು ತಿಂಗಳು ಪಿಂಚಣಿ ಹಣದಲ್ಲಿ ದುಬಾರಿ ಪೆಟ್ರೋಲ್ ಕುಡಿಸಿದ್ದೆ. ಡೈರಿಯಲ್ಲಿ ಬರೆದಿಟ್ಟ ಮೈಲೇಜ್ ಒಂದಿಷ್ಟೂ ಏರಲಿಲ್ಲ. ಆ ಪುಟ ಮೊಮ್ಮಗಳ ಕೈಗೆ ಸಿಕ್ಕಿತು.

“ತಾತಾ, ಆ ದುಡ್ಡಲ್ಲಿ ನನ್ನ ಸೈಕಲ್ಲಿಗೆ ಹೊಸ ಟೈರ್ ಬರ್ತಿತ್ತು,” ಎಂದಳು.

ಟೈರ್ ಕೊಡಿಸಿದೆ. ಗಾಳಿ ಅವಳೇ ಹೊಡೆದಳು, ಪಂಪಿನ ಬುಡ ಮುಟ್ಟಿ ಮುಟ್ಟಿ ನೋಡುತ್ತ.